ನೆವಿಲ್ ಪಾರ್ಜೆಟರ್‌ನ ಹಿಂದಿನ ಬ್ರೇಕು

"ಬ್ರೇಕಿನ ವಿಷಯದಲ್ಲಿ ರಾಜಿ ಅನ್ನೋ ಮಾತೇ ಇಲ್ಲ!" ಎಂದು ನೆವಿಲ್ ಪಾರ್ಜೆಟರ್ ಟೋಸ್ಟಿಗೆ ಮಾರ್ಮಲೇಡ್ ಸವರುತ್ತಾ ಘೋಷಿಸಿದ.

ಎದುರಿಗಿದ್ದ ಹೆಂಡತಿ ಡಿಲಿಸ್ ತಲೆ ಕೂಡ ಎತ್ತಲಿಲ್ಲ. ಪಾಪ, ಆಕೆ ಕೇಳದ ಘೋಷಣೆಯೇ? ಸ್ಟೀರಿಂಗ್ ವಿಷಯದಲ್ಲಿ ರಾಜಿ ಇರಲಿಲ್ಲ. ಸೀಟಿನ ವಿಷಯದಲ್ಲಿ ಇರಲಿಲ್ಲ. ಹಾರ್ನ್ ವಿಷಯದಲ್ಲಂತೂ ಒಂದಿಡೀ ಬೇಸಿಗೆ ಅಕ್ಕಪಕ್ಕದವರ ಕಿವಿ ತೂತಾಗುವವರೆಗೂ ಇರಲಿಲ್ಲ!

ಶ್ರೂಸ್‌ಬರಿ ಊರಿನ ತಮ್ಮ ಮನೆಯ ಗ್ಯಾರೇಜಿನಲ್ಲಿ ನೆವಿಲ್ ವರ್ಷಗಟ್ಟಲೆಯಿಂದ ಒಂದು ಕಾರು ಕಟ್ಟುತ್ತಿದ್ದ. ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದ ಕಾರು. ಎರಡೇ ಸೀಟು. ಬಾಗಿಲಿಲ್ಲ, ಚಾವಣಿಯಿಲ್ಲ, ಮೂತಿ ಮಾತ್ರ ಮೊಸಳೆಯಷ್ಟು ಉದ್ದ. ಎಂಜಿನ್ನು, ಹಿಂದಿನ ಆಕ್ಸಲ್ಲು ಎರಡೂ ಗುಜರಿಯಲ್ಲಿ ಸಿಕ್ಕ ಹಳೇ ಕಾರಿನವು. ಇದಿಷ್ಟೂ ಒಳಗೆ ಬೆಚ್ಚಗೆ ಕೂತಿದ್ದರಿಂದ ಡಿಲಿಸ್‌ಳ ಕಾರು ಬೀದಿಪಾಲಾಗಿತ್ತು. ಆಸ್ಪತ್ರೆಯ ನರ್ಸಮ್ಮ ಆಕೆ. ಚಳಿಗಾಲ ಬಂತೆಂದರೆ ಕತ್ತಲಲ್ಲೇ ಎದ್ದು, ಕೋಟು ಹಾಕಿಕೊಂಡು, ಅವಧಿ ಮುಗಿದ ಬ್ಯಾಂಕ್ ಕಾರ್ಡಿನಿಂದ ಗಾಜಿನ ಮೇಲಿನ ಹಿಮ ಕೆರೆದು ಡ್ಯೂಟಿಗೆ ಓಡಬೇಕು. ಸಿಟ್ಟು ಬರುವುದಿಲ್ಲವೇ?

"ನಾನೂ ಒಂದು ಘೋಷಣೆ ಮಾಡ್ತೀನಿ ಕೇಳು ಮಹರಾಯ," ಎಂದಳು. "ಹಿಮ ಬೀಳೋದರೊಳಗೆ ನಿನ್ನ ಕಾರು ರಸ್ತೆಗಿಳಿಯೋಕೆ ಬೇಕಾದ ಸರ್ಕಾರಿ ಪರೀಕ್ಷೆ ಪಾಸಾಗಿರಬೇಕು. ಇಲ್ಲ ಅಂದ್ರೆ ಬಂದಷ್ಟಕ್ಕೆ ಮಾರಿಬಿಡ್ತೀನಿ."

"ಪಾಸಾದರೆ?"

"ಪಾಸಾದರೆ ಕಾರು ನಿನ್ನದು. ನಾನು ಚಕಾರ ಎತ್ತಲ್ಲ."

"ಕೈ ಕೊಡು!" ಎಂದ ನೆವಿಲ್. ಮಾರ್ಮಲೇಡ್ ಅಂಟಿದ ಕೈಯಲ್ಲೇ ಒಪ್ಪಂದವಾಯಿತು.

ಉಳಿದಿದ್ದು ಹಿಂದಿನ ಬ್ರೇಕೊಂದೇ. ಅದಾದರೂ ಏನು ಮಹಾ? ಗುಜರಿಯ ಆಕ್ಸಲ್ಲಿನ ಜೊತೆಗೇ ಡ್ರಮ್ ಬ್ರೇಕು ಬಂದಿತ್ತು. ಸಣ್ಣದು, ಗಟ್ಟಿಮುಟ್ಟಾದದ್ದು. ತೊಳೆದು ಒಳಗೆ ಹೊಸ ಬ್ರೇಕ್ ಶೂ ಹಾಕಿದ್ದರೆ ಕಥೆ ಮುಗಿದಿತ್ತು. ಪಬ್ಬಿನಲ್ಲಿ ಸೇರುವ ಕಾರು ಕಟ್ಟುವವರ ಸಂಘದಲ್ಲಿ ಎಲ್ಲರೂ ಅದನ್ನೇ ಹೇಳಿದರು.

"ಡ್ರಮ್ಮಾ? ಅದು ಬ್ಯಾಂಡ್‌ಸೆಟ್‌ನವರಿಗೆ ಇರಲಿ!" ಎಂದು ನಮ್ಮ ವೀರ ಬಿಯರ್ ಗ್ಲಾಸು ಕುಕ್ಕಿ ಎದ್ದು ಬಂದ.

ಮರುದಿನವೇ ಗುಜರಿಗೆ ನುಗ್ಗಿ, ಮಂತ್ರಿಗಳು ಓಡಾಡುವಂಥ ಭಾರಿ ಕಾರೊಂದರ ಡಿಸ್ಕ್ ಬ್ರೇಕುಗಳನ್ನು ಹೊತ್ತು ತಂದ. ಊಟದ ತಟ್ಟೆಗಿಂತ ದೊಡ್ಡ ಡಿಸ್ಕು. ಅದನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ಕ್ಯಾಲಿಪರು. ಅದಕ್ಕೆ ಕೆಂಪು ಬಣ್ಣ ಬೇರೆ ಬಳಿದ!

ಡಿಸ್ಕು ಚಕ್ರದೊಳಗೆ ಹಿಡಿಸಲಿಲ್ಲ. ಸರಿ, ದೊಡ್ಡ ಚಕ್ರ ತಂದ. ದೊಡ್ಡ ಚಕ್ರ ಮಡ್‌ಗಾರ್ಡಿಗೆ ಉಜ್ಜಿತು. ಮಡ್‌ಗಾರ್ಡನ್ನು ಕಿತ್ತು ಮೇಲಕ್ಕೆ ಕೂರಿಸಿದ. ಆಮೇಲೆ ನೋಡಿದರೆ ಆ ರಾಜಠೀವಿಯ ಕ್ಯಾಲಿಪರಿನಲ್ಲಿ ಹ್ಯಾಂಡ್‌ಬ್ರೇಕಿನ ವೈರು ಸಿಕ್ಕಿಸಲು ಜಾಗವೇ ಇಲ್ಲ! ಹ್ಯಾಂಡ್‌ಬ್ರೇಕಿಗೆಂದೇ ಇನ್ನೊಂದು ಜೊತೆ ಪುಟ್ಟ ಕ್ಯಾಲಿಪರು ಬಂತು. ಅದರ ವೈರಿಗೆ ದಾರಿ ಬಿಡಲು ಸೀಟು ಮುಂದೆ ಸರಿಯಿತು. ಸೀಟು ಸರಿದ ಮೇಲೆ ನೆವಿಲ್‌ನ ಮಂಡಿಗಳು ಸ್ಟೀರಿಂಗಿನ ಎರಡೂ ಪಕ್ಕಕ್ಕೆ ಬಂದು ಕೂತವು.

"ಹಾಲು ಕರೆಯೋಕೆ ಕೂತ ಹಾಗಿದೆ," ಎಂದಳು ಡಿಲಿಸ್.

"ರೇಸಿನವರು ಹೀಗೇ ಕೂರೋದು!"

ಇನ್ನು ಬ್ರೇಕಿನ ಪೈಪಿನಿಂದ ಗಾಳಿ ತೆಗೆಯುವ ಕೆಲಸ. ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಕಾರಿನ ಕೆಳಗೆ ಮಲಗಿ ಕ್ಯಾಲಿಪರಿನ ಪುಟ್ಟ ನಲ್ಲಿ ತಿರುಗಿಸಬೇಕು. ಎಷ್ಟು ಸಂಸಾರಗಳು ಈ ಕೆಲಸದಲ್ಲಿ ಬಿರುಕು ಬಿಟ್ಟಿವೆಯೋ ದೇವರೇ ಬಲ್ಲ! ಶನಿವಾರ ಡಿಲಿಸ್ ಕಾರು ಹತ್ತಿದಳು.

"ಒತ್ತು!"

"ಒತ್ತಿದೆ."

"ಬಿಡು!"

"ಬಿಟ್ಟೆ."

"ನಾನು ಹೇಳೋಕೆ ಮುಂಚೆ ಯಾಕೆ ಬಿಟ್ಟೆ?"

"ಹೇಳಿದ ಮೇಲೇ ಬಿಟ್ಟಿದ್ದು. ಕಿವಿಯೊಳಗೂ ಆಯಿಲ್ ಹೋಯ್ತಾ?"

ಪೆಡಲ್ ಹಿಟ್ಟಿನ ಮುದ್ದೆಯ ಹಾಗೆ ನೆಲದವರೆಗೂ ಇಳಿಯುತ್ತಲೇ ಇತ್ತು. ಭಾನುವಾರವೂ ಅದೇ. ಬ್ರೇಕ್ ಆಯಿಲ್ ಡಬ್ಬಗಳು ಖಾಲಿಯಾದವು, ಡಿಲಿಸ್‌ಳ ಕಾಲು ಮರಗಟ್ಟಿತು, ಗಾಳಿ ಮಾತ್ರ ಜಪ್ಪಯ್ಯ ಅಂದರೂ ಹೊರಡಲಿಲ್ಲ. ಕೊನೆಗೆ ಆಕೆ ಟೀ ಕಪ್ಪು ಹಿಡಿದು ಚಕ್ರದ ಪಕ್ಕ ಬಗ್ಗಿ ನೋಡಿದಳು.

"ಈ ನಲ್ಲಿ ಯಾಕೆ ಕೆಳಗಿದೆ?"

"ಅದು ಇರೋದೇ ಹಾಗೆ."

"ಮನೆ ಬೆಚ್ಚಗಿಡೋ ರೇಡಿಯೇಟರಿನ ಗಾಳಿ ಪ್ರತಿ ವರ್ಷ ನಾನೇ ಅಲ್ವಾ ತೆಗೆಯೋದು? ಅದರ ನಲ್ಲಿ ಮೇಲಿರುತ್ತೆ. ಗಾಳಿ ಮೇಲೆ ತಾನೇ ಹೋಗಿ ಕೂರೋದು?"

ನೆವಿಲ್ ಕಾರಿನ ಕೆಳಗೇ ಹೊರಳಿ ಎರಡೂ ಪಕ್ಕದ ನಲ್ಲಿ ನೋಡಿದ. ಎಡಗಡೆಯ ಕ್ಯಾಲಿಪರನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಹಾಕಿದ್ದ ಮಹಾನುಭಾವ! ಅದಲು ಬದಲು ಮಾಡಿದ್ದೇ ತಡ, ಪೆಡಲ್ ಕಲ್ಲಿನಂತೆ ನಿಂತಿತು.

ಪರೀಕ್ಷೆಯ ದಿನ ಕಾರನ್ನು ಟ್ರೇಲರಿನ ಮೇಲೆ ಹೇರಿಕೊಂಡು ಹೋದ. ಪರೀಕ್ಷಕ ಹರಾಲ್ಡ್ ಟಿಪ್ಟನ್ ಕಡಿಮೆ ಮಾತಿನ ಮನುಷ್ಯ. ಚಕ್ರಗಳನ್ನು ಯಂತ್ರದ ಮೇಲೆ ಉರುಳಿಸಿದ, ಬ್ರೇಕ್ ಒತ್ತಿದ, ಮೀಟರಿನ ಮುಳ್ಳು ನೋಡಿದ, ಇನ್ನೊಮ್ಮೆ ಒತ್ತಿದ.

"ಸರ್, ಹಿಂದಿನ ಬ್ರೇಕು ಅದ್ಭುತವಾಗಿದೆ," ಎಂದ. ನೆವಿಲ್‌ನ ಎದೆ ಉಬ್ಬಿತು. "ಅದಕ್ಕೇ ಫೇಲ್."

"ಏನು?!"

"ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತೆ ಸರ್. ಮುಂದಿನ ಚಕ್ರಕ್ಕಿಂತ ಮೊದಲು ಹಿಂದಿನ ಚಕ್ರ ಕಚ್ಕೊಂಡ್ರೆ ನಿಮ್ಮ ಕಾರು ಗಿರಕಿ ಹೊಡೆದು ಬಂದ ದಾರೀಲೇ ವಾಪಸ್ ಹೊರಡುತ್ತೆ. ಇಂಥ ಹಗುರ ಕಾರಿಗೆ ಹಿಂದಿನ ಬ್ರೇಕು ಸ್ವಲ್ಪ ಬಡಪಾಯಿಯಾಗೇ ಇರಬೇಕು. ಹಳೇ ಡ್ರಮ್ ಇಲ್ವಾ?"

ಇತ್ತು. ಬೆಂಚಿನ ಕೆಳಗೆ ಧೂಳು ತಿನ್ನುತ್ತಾ ಬಿದ್ದಿತ್ತು. ಬೇರೆಯವರಾಗಿದ್ದರೆ ಅಲ್ಲಿಗೇ ಕೈ ಚೆಲ್ಲುತ್ತಿದ್ದರು. ನೆವಿಲ್ ಅಂಥ ಆಸಾಮಿಯಲ್ಲ. ರೇಡಿಯೋದವರು ಈ ವಾರಾಂತ್ಯಕ್ಕೆ ಹಿಮ ಎಂದು ಹೆದರಿಸುತ್ತಿದ್ದರೂ ಹಲ್ಲು ಕಚ್ಚಿ ಎಲ್ಲವನ್ನೂ ಬಿಚ್ಚಿದ. ಡ್ರಮ್ ಬಂತು, ಸಣ್ಣ ಚಕ್ರ ಬಂತು, ಮಡ್‌ಗಾರ್ಡ್ ಕೆಳಗಿಳಿಯಿತು, ಸೀಟು ಹಿಂದೆ ಸರಿಯಿತು, ಮಂಡಿಗಳು ಸ್ವಸ್ಥಾನ ಸೇರಿದವು. ಶುಕ್ರವಾರ ಹರಾಲ್ಡ್ ಟಿಪ್ಟನ್ ಮುಳ್ಳು ನೋಡಿ ತಲೆಯಾಡಿಸಿದ. ಪಾಸ್!

ವಾರ ಕಳೆದು ನಂಬರ್ ಪ್ಲೇಟೂ ಬಂತು. ಪುಣ್ಯಕ್ಕೆ ಹಿಮ ಇನ್ನೂ ಬಿದ್ದಿರಲಿಲ್ಲ. ನೆವಿಲ್ ಹಾರ್ನ್ ಬಾರಿಸುತ್ತಾ ಊರೆಲ್ಲ ಒಂದು ಸುತ್ತು ಹೊಡೆದು, ದಂಡಯಾತ್ರೆ ಮುಗಿಸಿದ ಮಹಾರಾಜನಂತೆ ಮನೆಗೆ ಬಂದ. ಗ್ಯಾರೇಜಿನ ಬಾಗಿಲು ಎತ್ತಿದ. ಒಳಗೆ ಡಿಲಿಸ್‌ಳ ಕಾರು ನಿಂತಿತ್ತು!

"ಡಿಲಿಸ್! ಇದೇನಿದು? ನಾನು ಪಾಸಾಗಿದ್ದೀನಿ ಕಣೇ!"

"ಶಭಾಷ್! ಅದಕ್ಕೇ ಒಳಗೆ ತಂದೆ. ಕಟ್ಟೋ ಕಾರಿಗೆ ಗ್ಯಾರೇಜು ಬೇಕು. ಓಡೋ ಕಾರಿಗೆ ಯಾಕೆ? ಎಲ್ಲರ ಕಾರಿನ ಹಾಗೆ ಹೊರಗಿರಲಿ."

"ಒಪ್ಪಂದ ಆಗಿತ್ತಲ್ಲ!"

"ಪಾಸಾದರೆ ಕಾರು ನಿನ್ನದು ಅಂದೆ. ನಿನ್ನದೇ, ಇಟ್ಕೋ. ಗ್ಯಾರೇಜಿನ ಮಾತು ಯಾರು ಆಡಿದ್ರು?"

ನಿಜ, ಯಾರೂ ಆಡಿರಲಿಲ್ಲ.

ಎರಡು ದಿನ ಬಿಟ್ಟು ಹಿಮ ಬಿತ್ತು, ಅದೂ ಧಾರಾಳವಾಗಿ. ಚಾವಣಿಯಿಲ್ಲದ ಕಾರಿನ ಗಾಜೊಂದೇ ಅಲ್ಲ, ಸೀಟು, ಸ್ಟೀರಿಂಗು, ಗೇರು, ಪೆಡಲು ಎಲ್ಲವನ್ನೂ ಕೆರೆಯಬೇಕು! ಅರ್ಧ ಕೆರೆಯುವಷ್ಟರಲ್ಲಿ ನೆವಿಲ್‌ನ ಮೂಗು ಕೆಂಪಾಗಿ, ಹಲ್ಲು ಕಟಕಟ ಎನ್ನತೊಡಗಿತು. ಅಷ್ಟರಲ್ಲಿ ಡಿಲಿಸ್ ಗ್ಯಾರೇಜಿನಿಂದ ತನ್ನ ಒಣಗಿದ, ಬೆಚ್ಚನೆಯ ಕಾರು ಹೊರತೆಗೆದಳು. ನೆವಿಲ್ ಓಡಿಹೋಗಿ ಕಿಟಕಿ ತಟ್ಟಿದ.

"ಚಿನ್ನ, ಒಂದೇ ಒಂದು ವಾರ ನನ್ನ ಕಾರನ್ನ ಒಳಗೆ ತಗೋತೀನಿ. ಹಿಂದಿನ ಬ್ರೇಕು ಯಾಕೋ ಸಾಲದು ಅನ್ನಿಸ್ತಿದೆ. ಬಿಚ್ಚಿ ನೋಡ್ಲೇಬೇಕು."

ಡಿಲಿಸ್ ಗಾಜು ಇಳಿಸಿದಳು.

"ಸಾಲದು ಅಂತಲೇ ಅಲ್ವಾ ಮಹರಾಯ, ಅವರು ಅದನ್ನ ಪಾಸ್ ಮಾಡಿದ್ದು!"