ಅತ್ತೆ ಇಡದೇ ಹೋದ ಅಂಗಡಿ

ಗೋಕಾಕ ಸೀಮೆಯ ಅತಿ ದೊಡ್ಡ ವ್ಯಾಪಾರಸ್ಥರು ಯಾರು ಎಂದು ಕೇಳಿದರೆ ಜನ ಹತ್ತಿಯವರ ಹೆಸರು ಹೇಳಿಯಾರು, ಬೆಲ್ಲದವರ ಹೆಸರು ಹೇಳಿಯಾರು, ಕರದಂಟಿನವರ ಹೆಸರನ್ನೂ ಹೇಳಿಯಾರು. ನಂಬಬೇಡಿ! ಅತಿ ದೊಡ್ಡ ವ್ಯಾಪಾರಸ್ಥೆ ನನ್ನ ಸೋದರತ್ತೆ, ನಮ್ಮ ಅಪ್ಪನ ತಂಗಿ. ಅಂಗಡಿ ಎಲ್ಲಿತ್ತು ಎಂದು ಮಾತ್ರ ಕೇಳಬೇಡಿ. ಅಂಗಡಿ ಇರಲಿಲ್ಲ. ತಕ್ಕಡಿ ಇರಲಿಲ್ಲ. ಮಾರಲು ಮಾಲೂ ಇರಲಿಲ್ಲ. ಇದ್ದದ್ದು ವಿಚಾರ. ದಿನಕ್ಕೊಂದು, ಅಮಾವಾಸ್ಯೆಗೆ ಎರಡು.

ಅತ್ತೆಯ ಗಂಡ ತೀರಿಕೊಂಡಾಗ ಆಕೆಗೆ ಇಪ್ಪತ್ತೆರಡು ವರ್ಷ. ಗೋಕಾಕದ ನಮ್ಮ ಮನೆಗೆ ಬಂದಳು. ನಮ್ಮ ಜನದಲ್ಲಿ ಇನ್ನೊಂದು ಮದುವೆಗೆ ಅಡ್ಡಿಯೇನೂ ಇರಲಿಲ್ಲ, ಒಂದೆರಡು ಕಡೆಯಿಂದ ಕೇಳಿಯೂ ಬಂದಿದ್ದರು. "ಒಬ್ಬರಿಗೆ ಉಣ್ಣಾಕ ನೀಡಿ ನೋಡೇನಿ, ಸಾಕು" ಎಂದುಬಿಟ್ಟಳು. ಮನೆಯಲ್ಲಿ ಆಕೆಗೆ ಊಟಕ್ಕೆ ಕೊರತೆ ಇರಲಿಲ್ಲ. ಕೆಲಸಕ್ಕಂತೂ ಇರಲೇ ಇಲ್ಲ! ಆದರೆ ಅಣ್ಣನ ಮನೆಯ ಊಟ ಗಂಟಲಲ್ಲಿ ಇಳಿಯುವಾಗ ಎಲ್ಲೋ ಒಂದು ಕಡೆ ತಡೆಯುತ್ತದಂತೆ. "ನಾ ಉಣ್ಣೂದು ನಂದಿರಬೇಕ ನೋಡು" ಎನ್ನುತ್ತಿದ್ದಳು. ಅದಕ್ಕೇ ಈ ವ್ಯಾಪಾರದ ಹುಚ್ಚು.

ಆಕೆಯ ಪದ್ಧತಿ ಲೋಕದ ಪದ್ಧತಿಯಲ್ಲ. ಲೋಕದವರು ಮೊದಲು ಅಂಗಡಿ ಇಡುತ್ತಾರೆ, ಆಮೇಲೆ ಗಿರಾಕಿಗಾಗಿ ದೇವರಿಗೆ ಹರಕೆ ಹೊರುತ್ತಾರೆ. ಅತ್ತೆ ಮೊದಲು ಹೋಗಿ ಕೂಡುತ್ತಿದ್ದಳು. ಕಂಬಳಿ ಮಡಿಸಿ ಹಾಕಿಕೊಂಡು, ಬುತ್ತಿ ಪಕ್ಕಕ್ಕಿಟ್ಟುಕೊಂಡು, ಬೆಳಗಿನಿಂದ ಸಂಜೆಯವರೆಗೆ ಬರೀ ಕೂಡುವುದು, ನೋಡುವುದು. ಹೋಗುವವರನ್ನು ನಿಲ್ಲಿಸಿ ಕೇಳುವುದು: "ಎಪ್ಪಾ, ನಿನಗ ಏನ ಇಲ್ದ ಅಡಚಣಿ ಆಗೇತಿ?" ಪರಊರ ಗಂಡಸರು ಗಾಬರಿಯಾಗಿ ರಸ್ತೆಯ ಆ ಬದಿಗೆ ಹಾಯುತ್ತಿದ್ದರು! ಮನೆಗೆ ಬಂದ ಮೇಲೆ ತನ್ನನ್ನೇ ಮೂರು ಪ್ರಶ್ನೆ ಕೇಳಿಕೊಳ್ಳುವಳು. ಇದು ಯಾರಿಗೆ ಬೇಕು? ಅವರಿಗೆ ಇದು ನಾಳೆ ಮತ್ತೆ ಬೇಕೇ? ಇದು ನನ್ನ ಕೈಯಿಂದ ಆದೀತೇ? ಮೂರೂ ದಾಟಿ ಉಳಿದದ್ದು ನನ್ನ ಮುಂದೆ ಬರುತ್ತಿತ್ತು.

ನಾನೇ ಏಕೆ? ನಾನು ಮುಲ್ಕಿ ಪರೀಕ್ಷೆ ಪಾಸಾಗಿ ಊರ ಸಾಲೆಯಲ್ಲಿ ಮಾಸ್ತರನಾಗಿದ್ದೆ. ಮನೆಗೆಲ್ಲ ಒಬ್ಬನೇ ಕಲಿತವ. "ಮಾಸ್ತರ, ಇದನ್ನ ಮುರಿ ನೋಡೂಣು. ನಿನ್ನ ಕೈಲಿ ಮುರೀಲಿಲ್ಲಂದ್ರ ಗಟ್ಟಿ ಐತಿ ಅಂತ ತಿಳೀತೇನಿ" ಎಂದು ನನ್ನೆದುರು ಕೂಡುತ್ತಿದ್ದಳು. ನಾನು ಮುರಿಯುತ್ತಿದ್ದೆ. ಸಂತೋಷದಿಂದ ಮುರಿಯುತ್ತಿದ್ದೆ! ಏನನ್ನೂ ಕಟ್ಟಲಾರದವನಿಗೆ ಮುರಿಯುವುದರಲ್ಲಿ ಇರುವ ಸುಖ ನಿಮಗೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು.

ಒಮ್ಮೆ ಮೂಡಲಗಿ ಸಂತೆಗೆ ಹೋಗಿ ದಿನವಿಡೀ ಕೂತು ಬಂದಳು. "ಸಂತಿಗೆ ಬಂದ ಎತ್ತಿಗೆ ನೀರಿಲ್ಲೊ ಮಾಸ್ತರ. ಬಾವಿ ಬಾಜೂ ಒಂದು ಬಾನಿ ಕಟ್ಟಿ, ನೀರು ತುಂಬಿ, ಜೋಡಿಗಿಷ್ಟು ಅಂತ ತಗೊಂಡ್ರ?"

"ಅಲ್ಲ ಅತ್ತಿ, ಎತ್ತು ಅಂದ್ರ ಬಸವಣ್ಣ. ಬಸವಣ್ಣಗ ನೀರು ಮಾರತಿ? ನಾಳಿ ಸಾಲೀ ಹುಡುಗರು ನನ್ನ ಮಾರಿ ಮ್ಯಾಲ ನಗತಾರ."

"ಹೌದು. ಎತ್ತಿಗೆ ಬೇಕು, ಆದ್ರ ರೊಕ್ಕ ಎತ್ತಿನ ಕಡೆ ಇಲ್ಲ" ಎಂದು ಎದ್ದು ಹೋದಳು. ನಾನು ಧರ್ಮದ ಮಾತಾಡಿದ್ದೆ. ಆಕೆ ವ್ಯಾಪಾರದ ಮಾತಾಡಿದ್ದಳು. ಯಾರ ಮಾತು ಜಾಣತನದ್ದು ಎಂದು ನೀವೇ ಹೇಳಿ.

ಮಳೆಗಾಲದಲ್ಲಿ ಗೋಕಾಕ ಫಾಲ್ಸ್ ನೋಡಲು ಊರೂರಿಂದ ಜನ ಬರುತ್ತಿದ್ದರು. ಧಬಧಬೆಯ ತುಂತುರಿನಲ್ಲಿ ತೊಯ್ದು ತೊಪ್ಪೆಯಾಗುತ್ತಿದ್ದರು. ಅತ್ತೆ ಕುರುಬರ ಓಣಿಯಿಂದ ಐದು ಕಂಬಳಿ ತಂದು, ತಲೆಯ ಮೇಲಿಂದ ಹೊದೆಯಲು ಬರುವಂತೆ ಮೂಲೆ ಹೊಲಿದು, ಬಾಡಿಗೆಗೆ ಕೊಡಲು ಹೋದಳು. ಇದನ್ನು ನಾನು ಮುರಿಯುವ ಮೊದಲೇ ಹೋಗಿಬಿಟ್ಟಿದ್ದಳು ಎಂಬ ಸಿಟ್ಟು ನನಗೆ. ಸಂಜೆ ಬಂದಳು. ನಾಲ್ಕೇ ಕಂಬಳಿ. ಕುರಿಯ ವಾಸನೆ ಓಣಿಯ ತುದಿಯಿಂದಲೇ ಸುದ್ದಿ ಹೇಳುತ್ತಿತ್ತು.

"ಐದನೇದು ಎಲ್ಲೈತಿ ಅತ್ತಿ?"

"ಒಬ್ಬ ಮುದುಕ ಹೊತ್ಕೊಂಡಾ. ಬೆಚ್ಚಗನಿಸಿತು. ಹಂಗ ಚಕ್ಕಡಿ ಹತ್ತಿ ಊರಿಗೆ ಹ್ವಾದಾ."

"ಉಳದಾವ?"

"ಯಾರೂ ಮುಟ್ಟಲಿಲ್ಲೊ. ಅವರು ಬಂದಿದ್ದ ತೊಯ್ಸಿಕೊಳ್ಳಾಕ! ತೊಯ್ಸಿಕೊಳ್ಳಾಕ ಬಂದವರಿಗೆ ತೊಯ್ಯದಂಗ ಮಾಡತೇನಿ ಅಂದ್ರ ಯಾರು ಕೇಳತಾರ? ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಎಂದು ತಾನೇ ಬಿದ್ದು ಬಿದ್ದು ನಕ್ಕಳು. ಅತ್ತೆಗೆ ಸೋಲು ಎಂದರೆ ಉಪ್ಪು ಕಡಿಮೆಯಾದ ಸಾರಿನ ಹಾಗೆ. ಮುಂದಿನ ಸಲ ಹಾಕಿದರಾಯಿತು.

ಅಪ್ಪನಿಗೆ ಇದೆಲ್ಲ ಸೇರುತ್ತಿರಲಿಲ್ಲ. ಪೇಟೆಯಲ್ಲಿ ನಮ್ಮದೊಂದು ಕಾಳಿನ ದಲಾಲಿ ಅಂಗಡಿ ಇತ್ತು. ಅಜ್ಜ ಇಟ್ಟಿದ್ದ, ಅಪ್ಪ ಕೂತಿದ್ದ, ಅಷ್ಟೇ. ಅಲ್ಲಿ ನಡೆಯುತ್ತಿದ್ದ ಒಂದೇ ಚಟುವಟಿಕೆ ಎಂದರೆ ಅಪ್ಪ ಒರಗುವ ಲೋಡು ಈ ಬದಿಯಿಂದ ಆ ಬದಿಗೆ ಬದಲಾಗುವುದು. ಒಂದು ಮಧ್ಯಾಹ್ನ ಅತ್ತೆ ಊಟದ ಡಬ್ಬಿ ಒಯ್ದವಳು ಅಲ್ಲಿಯೂ ಕಂಬಳಿ ಹಾಸಿ ಕೂತಳಂತೆ. ಸಂಜೆ ಮನೆಯಲ್ಲಿ ಅಪ್ಪನನ್ನು ಬಹಳ ವಿನಯದಿಂದ ಕೇಳಿದಳು: "ಅಣ್ಣಾ, ನಿನ್ನ ಅಂಗಡಿ ಯಾರಿಗೆ ಬೇಕಾಗೇತಿ?"

ಅಪ್ಪ ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ನನ್ನನ್ನು ಕರೆದು, "ನಿನ್ನ ಅತ್ತೀ ಬಾಯಿ ನೀನ ಮುಚ್ಚಬೇಕ. ಹುಕ್ಕೇರಿಯಿಂದ ನಿನಗ ಹೆಣ್ಣು ಬಂದೈತಿ. ಮನಿತನ ನೋಡಾಕ ಬರಾವರು ಅದಾರ" ಎಂದ.

ಆ ಹೊತ್ತಿಗೇ ಅತ್ತೆಗೆ ಗಟ್ಟಿ ವಿಚಾರ ಸಿಕ್ಕಿತು.

ಫಾಲ್ಸಿನ ನೂಲಿನ ಗಿರಣಿಯ ಬಾಗಿಲಿಗೆ ಎದುರಾಗಿ, ರಸ್ತೆಯ ಆಚೆ, ಸೋಮವಾರದಿಂದ ಶನಿವಾರದವರೆಗೆ ಆರು ದಿನ ಕೂತು ಬಂದಳು. ಹೋಗಿ ಬರಲು ಎಣ್ಣೆ ವ್ಯಾಪಾರದವರ ಚಕ್ಕಡಿ. ಏಳನೆಯ ದಿನ ಬೆಳಗ್ಗೆ ನನ್ನೆದುರು ಕೂತಾಗ ಕಣ್ಣು ಹೊಳೆಯುತ್ತಿದ್ದವು.

"ಕೇಳು. ಹಳ್ಳಿಯಿಂದ ದುಡಿಯಾಕ ಬಂದು ವಾರಗಟ್ಟಲೆ ಇಲ್ಲೇ ಇರಾವರು ಸೋಮವಾರ ಬುತ್ತಿಗಂಟು ತರತಾರ. ದಪ್ಪ ಇರತೈತಿ. ಬುಧವಾರ ಸೊರಗತೈತಿ. ಗುರುವಾರ ಬರೇ ಅರಿವಿ. ಅಲ್ಲಿಂದ ಶನಿವಾರತನಕ ಚುರಮರಿ ತಿಂದು ನೀರು ಕುಡೀತಾರ. ಅವರಿಗೆ ನಾ ಕಡಕ್ ರೊಟ್ಟಿ, ಹಚ್ಚಿಕೊಂಡು ತಿನ್ನಾಕ ಶೇಂಗಾ ಹಿಂಡಿ ಕೊಟ್ರ? ಮುರಿ ನೋಡೂಣು."

ಆ ಕಾಲಕ್ಕೆ ನಮ್ಮ ಕಡೆ ರೊಟ್ಟಿ ಮಾರುತ್ತಾರೆ ಎಂದರೆ ಗಾಳಿ ಮಾರುತ್ತಾರೆ ಎಂದ ಹಾಗೆ. ನಾನು ನಕ್ಕೆ.

"ರೊಟ್ಟಿ ಯಾರರ ಕೊಂಡು ತಿಂತಾರೇನ ಅತ್ತಿ?"

"ಬಡಿಯಾಕ ಕೈ ಇಲ್ಲದವರು ತಿಂತಾರ. ಇಪ್ಪತ್ತ ಮಂದೀನ ಕೇಳೇನಿ."

"ಉಳದ್ರ?"

"ಕಡಕ್ ರೊಟ್ಟಿ ಎಂಟ ದಿನಕ್ಕೂ ಕೆಡಂಗಿಲ್ಲ."

"ಒಡದ್ರ?"

"ಹಲ್ಲಿಲ್ಲದವರಿಗೆ ಒಡದದ್ದ ಬೇಕ."

"ನಿನ್ನ ಕೈಯಾಂದು ಎಲ್ಲಾ ಜಾತಿಯವರು ತಿಂತಾರಂತ ಏನ ಗ್ಯಾರಂಟಿ?"

"ಹಸದಾಂವ ಮೊದಲ ರೊಟ್ಟಿ ನೋಡತಾನ ಮಾಸ್ತರ. ಕೈ ನೋಡೂದು ಹೊಟ್ಟಿ ತುಂಬಿದ ಮ್ಯಾಲ."

ನಾನು ಬಲ ಬದಿಯಿಂದ ಬಗ್ಗಿಸಿದೆ, ಎಡ ಬದಿಯಿಂದ ಬಗ್ಗಿಸಿದೆ. ಮುರಿಯಲಿಲ್ಲ. ಯಾರಿಗೆ ಬೇಕು ಎಂಬುದು ಗೊತ್ತಿತ್ತು. ನಾಳೆಯೂ ಬೇಕಿತ್ತು, ಹೊಟ್ಟೆಗೆ ರಜೆಯಿಲ್ಲವಲ್ಲ! ಇನ್ನು ಕೈಯ ಮಾತು. ಮೂವತ್ತು ವರ್ಷದಿಂದ ರೊಟ್ಟಿ ಬಡಿಯುತ್ತಿದ್ದವಳಿಗೆ ಹೊಸದಾಗಿ ಕಲಿಯುವುದೇನಿತ್ತು? ನನ್ನ ಜೀವಮಾನದಲ್ಲಿ ಅಷ್ಟು ಗಟ್ಟಿಯಾದ ವಿಚಾರವನ್ನು ನಾನು ಪುಸ್ತಕದಲ್ಲಿಯೂ ಕಂಡಿರಲಿಲ್ಲ.

ಆದರೆ ನನ್ನ ಕಣ್ಣ ಮುಂದೆ ಹುಕ್ಕೇರಿಯ ಮಾವನವರು ಬಂದು ನಿಂತರು. ಅಳಿಯನಾಗುವವನ ಸೋದರತ್ತೆ ಗಿರಣಿ ಬಾಗಿಲಲ್ಲಿ ರೊಟ್ಟಿ ಮಾರುತ್ತಾಳೆ ಎಂದು ಯಾರೋ ಅವರ ಕಿವಿಯಲ್ಲಿ ಊದಿದರು. ಅವರು ಶಲ್ಯ ಕೊಡವಿ ಎದ್ದರು. ಇಷ್ಟೆಲ್ಲ ನನ್ನ ತಲೆಯೊಳಗೇ ನಡೆದುಹೋಯಿತು. ನಾನು ಅತ್ತೆಗೆ, "ವಿಚಾರ ಮಾಡಿ ಹೇಳತೇನಿ" ಎಂದೆ. ಎರಡು ದಿನ ಬಿಟ್ಟು ಹೇಳಿದೆ:

"ನಾ ಸ್ವಂತ ಹೋಗಿ ಕೇಳಿ ಬಂದೆ ಅತ್ತಿ. ಗಿರಣಿ ಬಾಗಿಲ ಮುಂದ ಕೂತು ಮಾರಾಕ ಪರವಾನಿಗಿ ಇಲ್ಲಂತ. ಕೂತ್ರ ಪೊಲೀಸರಿಗೆ ಹೇಳತಾರಂತ."

ನಾನು ಹೋಗಿರಲಿಲ್ಲ. ಯಾರನ್ನೂ ಕೇಳಿರಲಿಲ್ಲ. ಮಕ್ಕಳಿಗೆ 'ಸತ್ಯವೇ ದೇವರು' ಎಂದು ಕಾಪಿ ಬರೆಸಿ ನೆಟ್ಟಗೆ ಮನೆಗೆ ಬಂದಿದ್ದೆ!

ಅತ್ತೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. "ಹೌದಾ? ಹಂಗಾರ ಮುರೀತು ಬಿಡು" ಎಂದಳು.

ನನ್ನ ಮದುವೆಯಾಯಿತು. ಹುಕ್ಕೇರಿಯ ಮಾವನವರು ಮನೆತನ ಬಹಳ ಮರ್ಯಾದೆಯದು ಎಂದು ಹೊಗಳಿದರು. ಆ ಮರ್ಯಾದೆ ಒಳಗೆ ಕೂತು ನೂರಾರು ಜನ ಬೀಗರಿಗೆ ಪುಕ್ಕಟೆ ರೊಟ್ಟಿ ಬಡಿಯುತ್ತಿತ್ತು. ಅದನ್ನು ಅವರಿಗೆ ಯಾರೂ ಹೇಳಲಿಲ್ಲ.

ಎರಡು ವರ್ಷ ಹೋದವು. ಒಂದು ದಿನ ಅಪ್ಪ ಫಾಲ್ಸಿಗೆ ಏನೋ ಕೆಲಸಕ್ಕೆ ಹೋದವನು ಸಂಭ್ರಮದಿಂದ ಬಂದ. ಕೈಯಲ್ಲಿ ಒಂದು ಗಂಟು. "ಯಾವನೋ ಒಬ್ಬ ಪರಊರಾಂವ ಬಂದಾನ. ಗಿರಣಿ ಬಾಗಿಲಕ್ಕ ಎದುರಿಗೆ ತಟ್ಟಿ ಕಟ್ಟಿ ಕಡಕ್ ರೊಟ್ಟಿ ಮಾರಾಕತ್ತಾನ. ಹೆಂಡ್ತಿ ಬಡೀತಾಳ, ಇಂವ ಮಾರತಾನ. ಏನ ಗದ್ದಲ, ಏನ ಗದ್ದಲ! ಗಂಡಸರ ತಲಿ ಅಂದ್ರ ಹಿಂಗಿರಬೇಕು ನೋಡ್ರಿ!"

ಅತ್ತೆ ಆಗ ಅಪ್ಪನಿಗೆ ನೀರು ಕೊಡುತ್ತಿದ್ದಳು. ಚೊಂಬು ಅಲುಗಲಿಲ್ಲ. ಅಪ್ಪ ಗಂಟು ಬಿಚ್ಚಿ ಆಕೆಗೊಂದು ರೊಟ್ಟಿ ಕೊಟ್ಟ. "ತಿಂದು ನೋಡ ತಂಗೆವ್ವಾ, ಹೆಂಗ ಮಾಡ್ಯಾರ!"

ಅತ್ತೆ ಒಂದು ತುಣುಕು ಮುರಿದು ಹಿಂಡಿ ಹಚ್ಚಿ ಬಾಯಿಗಿಟ್ಟಳು. ಅಗಿದಳು. ಇಡೀ ಮನೆ ಕಾಯುತ್ತಿತ್ತು.

"ಹಿಂಡ್ಯಾಗ ಬಳ್ಳೊಳ್ಳಿ ಕಡಿಮಿ ಆಗೇತಿ" ಎಂದಳು. ಒಳಗೆ ಹೋದಳು.

ಅದಾದ ಮೇಲೆ ಒಂದು ವಾರ ಅತ್ತೆ ಬೈಯಲಿ ಎಂದು ಕಾದೆ. ಬೈಯಲಿಲ್ಲ. ಸಾಲೆಗೆ ರಜೆಯಿದ್ದ ಒಂದು ಮಧ್ಯಾಹ್ನ ಆಕೆ ಹಿತ್ತಲಲ್ಲಿ ಕೂತು ಮೊರದಲ್ಲಿ ಜೋಳ ಹಾಕಿಕೊಂಡು ಹರಳು ಆರಿಸುತ್ತಿದ್ದಳು. ಹೋಗಿ ಎದುರಿಗೆ ಕೂತೆ.

"ಅತ್ತಿ, ನಾ ಅವತ್ತ ಸುಳ್ಳ ಹೇಳಿದ್ದೆ. ಗಿರಣಿಗೆ ಹೋಗೇ ಇರಲಿಲ್ಲ."

ಆಕೆ ತಲೆ ಎತ್ತಲಿಲ್ಲ. "ಗೊತ್ತೈತಿ. ಮರುದಿನಾನ ನಾ ಹೋಗಿ ಕೇಳಿ ಬಂದೆ. ಬಾಗಲಾ ಕಾಯಾಂವ, ರಸ್ತೇದ ಆ ಕಡೆ ಎಲ್ಲೆರ ಕೂಡವಾ ಅಂದ."

"ಮತ್ತ ಗೊತ್ತಿದ್ದೂ..."

"ಅವತ್ತ ನನಗ ಭಾಳ ಖುಷಿ ಆಗಿತ್ತೊ! ಖರೆ ಹೇಳಿ ಮುರಿಯಾಕ ಆಗಿದ್ರ ನೀ ಸುಳ್ಳ ಯಾಕ ಹೇಳತಿದ್ದಿ? ನನ್ನ ವಿಚಾರ ಗಟ್ಟಿ ಐತಿ ಅಂತ ನಿನ್ನ ಸುಳ್ಳಿನಿಂದ ತಿಳೀತು."

"ಹಂಗಾರ ಯಾಕ ಮಾಡಲಿಲ್ಲ ಅತ್ತಿ? ನನ್ನ ಲಗ್ನಕ್ಕೇನ?"

"ಲಗ್ನ ಏನ, ಇದಲ್ಲದಿದ್ರ ಇನ್ನೊಂದು ಹೆಣ್ಣು ಸಿಗತಿತ್ತು." ಆಕೆಯ ಬೆರಳು ಒಂದು ಹರಳಿನ ಮೇಲೆ ನಿಂತಿತು. "ಈ ಮನ್ಯಾಗ ನಾ ಬಾಯಿ ತಗದ್ರ ನಿಮ್ಮಪ್ಪ ಎದ್ದ ಹೋಗತಾನ. ನಿಮ್ಮವ್ವ ಒಲಿ ಕಡೆ ತಿರಗತಾಳ. ಓಣ್ಯಾನವರು ನಗತಾರ. ನೀನೂ ನಗತಿದ್ದಿ, ಆದ್ರ ತುದೀತನ ಕೂತು ಕೇಳಿ ನಗತಿದ್ದಿ. ನಿನ್ನ ಮಾತು ಮೀರಿ ನಾ ಹೋಗಿದ್ರ ನೀನೂ ಎದ್ದ ಹೋಗತಿದ್ದಿ. ಆಮ್ಯಾಲ ನಾ ಯಾರ ಮುಂದ ಮಾತಾಡಬೇಕಿತ್ತೊ ತಮ್ಮಾ?"

ನಾನು ಮಾಸ್ತರನಾದ ಮೇಲೆ ಆಕೆ ನನ್ನನ್ನು ಮಾಸ್ತರ ಎನ್ನದೆ ತಮ್ಮಾ ಎಂದದ್ದು ಅದೇ ಮೊದಲು. ಕಣ್ಣು ಒರೆಸಿಕೊಂಡು, "ಹೊಸಾದೇನರ ಐತೇನ ಅತ್ತಿ? ಹೇಳು" ಎಂದೆ.

"ಇಲ್ಲಪ್ಪಾ, ಈಗ ಯಾವುದೂ ಇಲ್ಲ" ಎಂದಳು. ಇನ್ನೊಂದು ಹರಳು ಆರಿಸಿ ಎಸೆದು, "ಇವತ್ತ ನೀ ಹೇಳು, ನಾ ಕೇಳತೇನಿ" ಎಂದಳು.

ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ. ನಾನು ಸಾಲೆಯ ಮಾತು ಹೇಳಿದೆ, ತಪಾಸಣೆಯ ಸಾಹೇಬರು ಬಂದಾಗ ಕಾಲು ನಡುಗುವುದನ್ನು ಹೇಳಿದೆ. ಹೆಂಡತಿ ಬಸುರಿಯೆಂದೂ ನನಗೆ ಹೆದರಿಕೆಯೆಂದೂ ಹೇಳಿದೆ. ಬಿಸಿಲು ಹಿತ್ತಲ ಗೋಡೆ ದಾಟಿ ಹೋಯಿತು. ಅತ್ತೆ ಜೋಳದ ಮೊರವನ್ನು ಬದಿಗಿಟ್ಟು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೇಳುತ್ತಿದ್ದಳು.