ಚಂದ್ರಿ ಎಮ್ಮೆಯ ಎರಡನೇ ನುಡಿ

ಇಂಗ್ಲಿಷ್ ಜೋಕಿಗೆ ನನಗೆ ನಗು ಬರುವುದು ಒಂದು ದಿನ ತಡವಾಗಿ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾವು ಸಿಡ್ನಿಯ ಗಿರಾವೀನ್‌ನಲ್ಲಿ ಮನೆ ಮಾಡಿದ ಹೊಸದರಲ್ಲಿ, ಪಕ್ಕದ ಮನೆಯ ರಾನ್ ಎಂಬ ಮುದುಕ ಟೊಮ್ಯಾಟೊ ಗಿಡಗಳಿಗೆ ಬಕೆಟ್ಟಿನಿಂದ ನೀರು ಹಾಕುತ್ತ ಇಂಗ್ಲೆಂಡಿನ ಹಳ್ಳಿ ಹಾಡುಗಳನ್ನು ಹಾಡುತ್ತಿದ್ದ. ಒಂದರಲ್ಲಿ ಪಾದ್ರಿಯ ಟೋಪಿ ತಿಂದ ಹಂದಿ, ಇನ್ನೊಂದರಲ್ಲಿ ಮದುವೆ ಮೆರವಣಿಗೆಗೆ ಅಡ್ಡ ಮಲಗಿದ ಹಸು. ಬೇಲಿಯ ಈಚೆ ಬಟ್ಟೆ ಹರವುತ್ತ ನಾನು ಸುಮ್ಮನೆ ತಲೆಯಾಡಿಸುತ್ತಿದ್ದೆ. ಮರುದಿನ ನಾರ್ವೆಸ್ಟ್‌ನ ಆಫೀಸಿನ ಮೀಟಿಂಗಿನಲ್ಲಿ ಹಂದಿಯ ವಿಷಯ ಅರ್ಥವಾಗಿ ಒಬ್ಬಳೇ ಕಿಸಕ್ಕನೆ ನಗುತ್ತಿದ್ದೆ. ಮ್ಯಾನೇಜರ್ ಗಾಬರಿಯಾಗಿ ತನ್ನ ಚಾರ್ಟನ್ನು ಇನ್ನೊಮ್ಮೆ ನೋಡಿಕೊಳ್ಳುತ್ತಿದ್ದ.

ನಗು ಮುಗಿದ ಮೇಲೆ ಮಾತ್ರ ಎದೆಯಲ್ಲಿ ಏನೋ ಉಳಿಯುತ್ತಿತ್ತು. ಗದಗಿನ ಹತ್ತಿರದ ನಮ್ಮೂರಿನಲ್ಲಿ ಅವ್ವ ಚಂದ್ರಿ ಎಂಬ ಎಮ್ಮೆಯನ್ನು ಹಿಂಡುವಾಗ ಹಾಡುತ್ತಿದ್ದಳು: ‘ಒದೀಬ್ಯಾಡ ಚಂದ್ರವ್ವ, ನಿನ್ನ ಗಂಡನ ಮನಿ ದೂರವ್ವ.’ ಮುಂದಿನ ಸಾಲು ಎಷ್ಟು ತಡಕಿದರೂ ಸಿಗುತ್ತಿರಲಿಲ್ಲ.

ಒಂದು ದಿನ ರಾನ್ ಬೇಲಿಯ ಮೇಲಿಂದ ಕರೆದ. “ಶನಿವಾರ ಮಧ್ಯಾಹ್ನ ಪ್ಯಾರಮಟ್ಟಾದಲ್ಲಿ ನಮ್ಮ ಹಾಡಿನ ಕೂಟ ಇದೆ. ಬಂದವರೆಲ್ಲ ಹಾಡಬೇಕು. ನಿಮ್ಮೂರಿನ ದನದ ಹಾಡೊಂದು ತಾ.”

ಊರಿಗೆ ಮಾತಾಡಲು ಕೊಂಡ ಫೋನ್ ಕಾರ್ಡಿನ ಗುಟ್ಟು ನಂಬರನ್ನು ಉಜ್ಜಿ ತೆಗೆದು, ಹುಬ್ಬಳ್ಳಿಯ ಅಕ್ಕನ ಮನೆಯಲ್ಲಿದ್ದ ಅವ್ವನನ್ನು ಹಿಡಿದೆ.

“ಅವ್ವಾ, ಚಂದ್ರಿ ಹಾಡಿನ ಎರಡನೇ ನುಡಿ ಹೇಳು.”

“ಹಾಡೆಲ್ಲಿಂದ ಬಂತ? ಅದು ಬೈಗಳ! ಎಮ್ಮಿ ದಿನಾ ಒಂದೊಂದು ನಮೂನಿ ಒದೀತಿತ್ತು, ನಾ ದಿನಾ ಒಂದೊಂದು ನಮೂನಿ ಬೈತಿದ್ದೆ.”

“ಒಂದರ ನೆನಪು ಮಾಡ್ಕೋ.”

“ಎಮ್ಮೀನ ಇಲ್ಲಂದ್ರ ಯಾರಿಗೆ ಬೈಲಿ?” ಅಂದಳು ಅವ್ವ. ಅಷ್ಟರಲ್ಲಿ ಕಾರ್ಡಿನ ದುಡ್ಡು ಮುಗಿದು ಲೈನ್ ಕಟ್ಟಾಯಿತು.

ಶನಿವಾರ ನನ್ನ ಬಳಿ ಇದ್ದದ್ದು ಅದೊಂದೇ ನುಡಿ. ಅರ್ಥ ಹೇಳಿ ಅದನ್ನೇ ಮತ್ತೆ ಮತ್ತೆ ಹಾಡಿದೆ. ಮೂರನೆಯ ಸಲಕ್ಕೆ ನರೆತಲೆಯ ಗುಂಪೆಲ್ಲ ಮೇಜು ಕುಟ್ಟುತ್ತ ‘ಒಡಿಬ್ಯಾಡಾ’ ಎಂದು ದನಿಗೂಡಿಸಿತು. ಐದನೆಯದನ್ನು ನಾನು ಅರ್ಧಕ್ಕೇ ನಿಲ್ಲಿಸಿದೆ. ಆರನೆಯದನ್ನು ಅವರೇ ಹಾಡಿ ಮುಗಿಸಿದರು.

ರೈಲಿನಲ್ಲಿ ವಾಪಸ್ಸು ಬರುವಾಗ ರಾನ್ ಕೇಳಿದ, “ಊರಲ್ಲಿ ನೀನೂ ಹಾಲು ಹಿಂಡುತ್ತಿದ್ದೆಯಾ?”

“ಇಲ್ಲಪ್ಪ. ಸಗಣಿ ನಾತ ಅಂತ ಮೂಗು ಮುಚ್ಚಿಕೊಂಡು ಕಾಲೇಜಿಗೆ ಓಡುತ್ತಿದ್ದೆ. ನೀನು ಹಂದಿ ಸಾಕಿದ್ದೆಯಾ?”

“ನಾನು ಲಂಡನ್ನಿನ ಬಸ್ ಡಿಪೋ ಪಕ್ಕ ಬೆಳೆದವನು. ಹಂದಿ ಕಂಡದ್ದು ತಟ್ಟೆಯಲ್ಲಿ ಮಾತ್ರ.”

ಅವನು ಕಿಟಕಿಯಾಚೆ ನೋಡತೊಡಗಿದ, ನಾನೂ ನೋಡಿದೆ. ಚಂದ್ರಿ ಬದುಕಿದ್ದಷ್ಟು ಕಾಲ ಅದರ ಹತ್ತಿರ ಸುಳಿಯದಿದ್ದ ಹೆಂಗಸು, ಸಮುದ್ರ ದಾಟಿ ಬಂದು ಕೂತು, ಒಂದು ಒದೆಯನ್ನಾದರೂ ತಿಂದಿರಬೇಕಿತ್ತು ಎಂದು ಹಂಬಲಿಸುತ್ತಿದ್ದಳು.