ಬೈಯದ ನರ್ಸಮ್ಮ

ರೋಗಿಯನ್ನು ಬೈಯದ ಆಸ್ಪತ್ರೆಯಲ್ಲಿ ನನಗೆ ನಂಬಿಕೆಯಿಲ್ಲ. ನಮ್ಮ ಬಸವಕಲ್ಯಾಣದ ಕಡೆ ನರ್ಸಮ್ಮ ಗದರಿದಳೆಂದರೆ ರೋಗಿ ಬದುಕುತ್ತಾನೆಂದೇ ಲೆಕ್ಕ. ಮೆತ್ತಗೆ ಮಾತಾಡಿದಳೋ, ಮನೆಯವರು ಬೀಗರಿಗೆಲ್ಲ ಫೋನು ಹಚ್ಚುತ್ತಾರೆ. ನಮ್ಮ ಸೋದರಮಾವನಿಗೆ ದಿನವೂ ಮಂಗಳಾರತಿ ಎತ್ತುತ್ತಿದ್ದ ನರ್ಸಮ್ಮ ಒಂದು ಬೆಳಿಗ್ಗೆ, 'ಅಪ್ಪಾರ, ಏನ್ ತಿಂತೀರಿ?' ಎಂದು ಕೇಳಿದಳು. ಸಂಜೆಗೆ ಮಾವ ಇರಲಿಲ್ಲ.

ಹೋದ ತಿಂಗಳು ಬೆನ್ನಿನ ಕುರು ಕೊಯ್ಸಿಕೊಂಡು ಹುಮನಾಬಾದಿನ ಆಸ್ಪತ್ರೆಯೊಂದರಲ್ಲಿ ಮಲಗಿದ್ದೆ. ಅಲ್ಲಿ ನರ್ಸಿಂಗ್ ಕಲಿಯುವ ಹುಡುಗಿಯರ ಹಿಂಡು. ಅವರಿಗೆ ಈಗ ಸೂಜಿ ಚುಚ್ಚುವುದರ ಜೊತೆಗೆ ಭಾವನೆಯನ್ನೂ ಕಲಿಸುತ್ತಾರಂತೆ. ಕರುಣೆಗೂ ಮಾರ್ಕ್ಸು! ರೋಗಿಯ ಕೈ ಹಿಡಿಯಬೇಕು, ಕಣ್ಣಲ್ಲಿ ಕಣ್ಣಿಡಬೇಕು, ದನಿ ತಗ್ಗಿಸಬೇಕು. ಬಟ್ಟೆ ಅಂಗಡಿಯ ನಾನು ಹಳೇ ಮಾಲು ದಾಟಿಸುವಾಗ ಮಾಡುವುದೂ ಇದನ್ನೇ. ಈ ಪಾಠ ಬರೆದ ಮಹಾನುಭಾವನಿಗೂ ಒಂದು ಕುರು ಏಳಬೇಕಿತ್ತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಆ ಹಿಂಡಿನಲ್ಲಿದ್ದ, ಮುಡಬಿ ಊರಿನ ಹುಡುಗಿಯೊಬ್ಬಳು ಬಂದು ಕೈ ಹಿಡಿದಳು. ರೆಪ್ಪೆ ಬಡಿಯದೆ ನೋಡುತ್ತ, 'ಕಾಕಾ, ನಿಮ್ ಮನಸ್ನ್ಯಾಗ ಏನದ, ಎಲ್ಲಾ ಹೇಳ್ರಿ. ನಾ ಕೇಳಾಕತ್ತೇನಿ' ಎಂದಳು. ನನಗೆ ಸೋದರಮಾವನ ನೆನಪಾಯಿತು.

'ಡಾಕ್ಟರ್ ಏನಂದ್ರವ್ವಾ?'

'ಅದು ಬಿಡ್ರಿ ಕಾಕಾ. ನಿಮಗ ಹ್ಯಾಂಗ ಅನಸ್ತದ ಹೇಳ್ರಿ.'

ಡಾಕ್ಟರ್ ಮಾತನ್ನೇ ಬಿಡು ಎಂದ ಮೇಲೆ ಉಳಿದದ್ದೇನು? ಪಕ್ಕದಲ್ಲಿದ್ದ ಹೆಂಡತಿಯನ್ನು ಹತ್ತಿರ ಕರೆದೆ. ಅಳುತ್ತ, 'ನಿನ್ನ ಪುಂಡಿಪಲ್ಯದ ಮುಂದ ನಮ್ಮವ್ವನ ಪುಂಡಿಪಲ್ಯ ಏನೂ ಅಲ್ಲ' ಎಂದುಬಿಟ್ಟೆ. ಮದುವೆಯಾದಾಗಿನಿಂದ ಅವಳು ಕಾದಿದ್ದ ಮಾತು. ಅವಳೂ ಅತ್ತಳು. ದೂರದಲ್ಲಿ ನಿಂತಿದ್ದ, ಅವರಿಗೆ ಪಾಠ ಹೇಳುವ ಮೇಡಂ ಮೆಚ್ಚಿ ತಲೆಯಾಡಿಸಿದರು, ಮಾರ್ಕ್ಸು ಬಿದ್ದಿರಬೇಕು. ಹುರುಪಿನಲ್ಲಿ ಹುಡುಗಿ ನನ್ನ ಬೆನ್ನು ಸವರಿದಳು, ಸರಿಯಾಗಿ ಗಾಯದ ಮೇಲೆ.

ನಾನು ಚೀರಿದ್ದಕ್ಕೆ ವಾರ್ಡಿನ ದೊಡ್ಡ ಸಿಸ್ಟರ್ ಓಡಿಬಂದರು. 'ಖಾಲಿಪೀಲಿ ಯಾಕ ಒದರ್ತೀರಿ? ಒಂದ್ ಕುರುಕ್ಕ ಇಷ್ಟ ನಾಟಕ! ಸಂಜಿಕ ಮನಿಗೆ ನಡೀರಿ!'

ಆಹಾ, ಹೋದ ಜೀವ ಬಂತು. ಬದುಕಿದೆನೆಂಬ ಖುಷಿಯಲ್ಲಿ ಬಾಗಿಲ ಕಡೆ ತಿರುಗಿದರೆ ಅಲ್ಲಿ ಎಷ್ಟು ಹೊತ್ತಿನಿಂದಲೋ ಅವ್ವ ನಿಂತಿದ್ದಳು. ಕೈಯಲ್ಲಿ ಬುತ್ತಿ. ಬುತ್ತಿಯಲ್ಲಿ ರೊಟ್ಟಿ, ಪುಂಡಿಪಲ್ಯ.

ಅವ್ವ ಬೈಯಲಿಲ್ಲ. ಅಂದಿನಿಂದ ಇಂದಿನವರೆಗೂ ಬೈದಿಲ್ಲ. ಹುಟ್ಟಿದಾಗಿನಿಂದ ನನ್ನನ್ನು 'ಲೇ' ಎಂದೇ ಕರೆದವಳು ಈಗ ಊಟದ ಹೊತ್ತಿಗೆ ಮೆಲ್ಲಗೆ, 'ಬರ್ರಿ, ಊಟಕ್ಕ ಕೂಡ್ರಿ' ಎನ್ನುತ್ತಾಳೆ.

ಕುರುವೇನೋ ಮಾಯ್ದಿದೆ. ಆದರೆ ನಾನು ಬಹಳ ದಿನ ಉಳಿಯುವ ಹಾಗೆ ಕಾಣುವುದಿಲ್ಲ.